ನಕ್ಷೆಯಲ್ಲಿದ್ದ ಮನೆ, ಕೈಗೆ ಬಂದ ಮನೆ: ಬಿಲ್ಡರ್ ಮಾಡುವ ಬದಲಾವಣೆಗಳನ್ನು ಎದುರಿಸುವ ಬಗೆ

(ಬೆಂಗಳೂರಿನಲ್ಲಿ ಮನೆ ಖರೀದಿದಾರರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸವನ್ನು ಓದುಗರಿಗಾಗಿ ಪರಿಷ್ಕರಿಸಿ ಬರೆದ ರೂಪ)

ಸಭಿಕರೇ,

ಹೊಸ ಅಪಾರ್ಟ್‌ಮೆಂಟ್ ಕೊಂಡವರು ಒಟ್ಟು ಸೇರಿದಾಗ ಮೊದಲು ಬರುವ ಮಾತು ವಿಳಂಬದ್ದು. ಹೇಳಿದ ತಿಂಗಳಿಗೆ ಮನೆ ಸಿಗಲಿಲ್ಲ, ಬಾಡಿಗೆಯನ್ನೂ ಇಎಂಐಯನ್ನೂ ಒಟ್ಟಿಗೆ ಕಟ್ಟಬೇಕಾಯಿತು ಎಂಬ ಸಂಕಟ ಎಲ್ಲರಿಗೂ ಅರ್ಥವಾಗುವಂಥದ್ದು, ಅದಕ್ಕೆ ಬಡ್ಡಿಯ ಲೆಕ್ಕವೂ ಇದೆ. ಇಂದು ನಾನು ಮಾತನಾಡಬೇಕೆಂದಿರುವುದು ಅಷ್ಟು ಸುಲಭವಾಗಿ ಲೆಕ್ಕಕ್ಕೆ ಸಿಗದ ಇನ್ನೊಂದು ಸಂಗತಿಯ ಬಗ್ಗೆ. ಮನೆ ಬಂದಿದೆ, ಬೀಗದ ಕೈ ಕೊಡಲು ಬಿಲ್ಡರ್ ಸಿದ್ಧನಿದ್ದಾನೆ, ಆದರೆ ಒಳಗೆ ಕಾಲಿಟ್ಟು ನೋಡಿದರೆ ಅದು ಕರಾರಿಗೆ ಲಗತ್ತಿಸಿದ್ದ ನಕ್ಷೆಯಲ್ಲಿದ್ದ ಮನೆಯಲ್ಲ. ಒಂದು ಗೋಡೆ ಸರಿದಿದೆ, ಬಾಲ್ಕನಿ ಚಿಕ್ಕದಾಗಿದೆ, ಮಲಗುವ ಕೋಣೆಯ ಮೂಲೆಯಲ್ಲಿ ನಕ್ಷೆಯಲ್ಲಿ ಇಲ್ಲದಿದ್ದ ಕಾಲಂ ಎದ್ದಿದೆ, ಅಥವಾ ಕಿಟಕಿಯ ಹೊರಗೆ ಉದ್ಯಾನ ಎಂದು ತೋರಿಸಿದ್ದ ಜಾಗದಲ್ಲಿ ಟ್ರಾನ್ಸ್‌ಫಾರ್ಮರ್ ಕುಳಿತಿದೆ. ಹೀಗಾದಾಗ ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಎಂಬುದೇ ಇಂದಿನ ವಿಷಯ.

ನಾನು ಹೇಳಬೇಕಾದುದರ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಬದಲಾವಣೆಗೆ ಕೊಳ್ಳುವವನ ಒಪ್ಪಿಗೆ ಬೇಕು, ಅದೂ ಬದಲಾವಣೆಗೆ ಮುಂಚೆಯೇ ಬೇಕು ಎಂದು ನಮ್ಮ ಕಾನೂನು ಸ್ಪಷ್ಟವಾಗಿ ಹೇಳಿದೆ. ಆದರೂ ಈ ಹಕ್ಕು ಹೆಚ್ಚಿನವರ ಕೈತಪ್ಪುವುದು ನ್ಯಾಯಾಲಯದಲ್ಲಿ ಅಲ್ಲ, ಹ್ಯಾಂಡೋವರ್ ದಿನ ಬಿಲ್ಡರ್ ಕಚೇರಿಯ ಮೇಜಿನ ಮೇಲೆ ಇಟ್ಟ ಕಾಗದಗಳಿಗೆ ಓದದೆ ಹಾಕುವ ಸಹಿಯಲ್ಲಿ. ಆದ್ದರಿಂದ ನೋಡುವುದಕ್ಕೂ ಸಹಿ ಹಾಕುವುದಕ್ಕೂ ನಡುವೆ ಇರುವ ಕಾಲಾವಕಾಶವೇ ನಿಮ್ಮ ನಿಜವಾದ ಬಲ.

ಕಾನೂನಿನಿಂದ ಆರಂಭಿಸೋಣ. 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯನ್ನು ನಾವೆಲ್ಲ ರೇರಾ ಎಂದು ಕರೆಯುತ್ತೇವೆ. ಇದರ ಮುಖ್ಯ ಭಾಗಗಳು 2017ರ ಮೇ 1ರಿಂದ ಜಾರಿಗೆ ಬಂದವು, ಅದೇ ವರ್ಷದ ಜುಲೈನಲ್ಲಿ ಕರ್ನಾಟಕ ತನ್ನ ನಿಯಮಗಳನ್ನು ಹೊರಡಿಸಿತು. ನಮ್ಮ ವಿಷಯಕ್ಕೆ ಸಂಬಂಧಿಸಿದ್ದು ಸೆಕ್ಷನ್ 14. ಮಂಜೂರಾದ ನಕ್ಷೆ, ಲೇಔಟ್ ಮತ್ತು ಸ್ಪೆಸಿಫಿಕೇಷನ್‌ಗಳಿಗೆ ಅನುಗುಣವಾಗಿಯೇ ಬಿಲ್ಡರ್ ಕಟ್ಟಬೇಕು ಎಂಬುದು ಅದರ ಮೊದಲ ಮಾತು. ಎರಡನೆಯ ಮಾತು ಎರಡು ಕವಲಾಗಿದೆ. ನಿಮ್ಮ ಸ್ವಂತ ಫ್ಲ್ಯಾಟಿನ ನಕ್ಷೆಯಲ್ಲಾಗಲಿ, ಅದರ ಫಿಟ್ಟಿಂಗುಗಳಲ್ಲಾಗಲಿ ಬದಲಾವಣೆ ಮಾಡಬೇಕಿದ್ದರೆ ನಿಮ್ಮ ಪೂರ್ವಾನುಮತಿ ಬೇಕು. ಕಟ್ಟಡದ ಅಥವಾ ಸಾಮಾನ್ಯ ಪ್ರದೇಶಗಳ (ಅಂದರೆ ಎಲ್ಲ ಮನೆಯವರೂ ಹಂಚಿಕೊಳ್ಳುವ ಜಾಗಗಳ) ನಕ್ಷೆಯಲ್ಲಿ ಬದಲಾವಣೆ ಮಾಡಬೇಕಿದ್ದರೆ, ಬಿಲ್ಡರನ್ನು ಹೊರತುಪಡಿಸಿ, ಫ್ಲ್ಯಾಟ್ ಪಡೆಯಲು ಒಪ್ಪಂದ ಮಾಡಿಕೊಂಡವರಲ್ಲಿ ಕನಿಷ್ಠ ಮೂರನೇ ಎರಡರಷ್ಟು ಮಂದಿಯ ಲಿಖಿತ ಪೂರ್ವಾನುಮತಿ ಬೇಕು. ಈ ಎಣಿಕೆಯಲ್ಲಿ ಒಬ್ಬನೇ ವ್ಯಕ್ತಿ ಅಥವಾ ಅವನ ಕುಟುಂಬ ಹತ್ತು ಫ್ಲ್ಯಾಟ್ ಕೊಂಡಿದ್ದರೂ ಅವರಿಗೆ ಒಂದೇ ಮತ. 180 ಫ್ಲ್ಯಾಟುಗಳು 165 ಖರೀದಿದಾರರಿಗೆ ಮಾರಾಟವಾಗಿದ್ದರೆ ಬೇಕಾಗುವ ಒಪ್ಪಿಗೆ 120 ಅಲ್ಲ, 110.

ಬಿಲ್ಡರುಗಳು ಹೆಚ್ಚಾಗಿ ಆಶ್ರಯಿಸುವುದು ಇದೇ ಸೆಕ್ಷನ್ನಿನ ಒಂದು ವಿನಾಯಿತಿಯನ್ನು. ವಾಸ್ತುಶಿಲ್ಪದ ಅಥವಾ ಸ್ಟ್ರಕ್ಚರ್‌ನ ಕಾರಣಕ್ಕೆ ಅನಿವಾರ್ಯವಾದ ಸಣ್ಣಪುಟ್ಟ ಮಾರ್ಪಾಡುಗಳನ್ನು ಅಧಿಕೃತ ಆರ್ಕಿಟೆಕ್ಟ್ ಅಥವಾ ಎಂಜಿನಿಯರ್ ಶಿಫಾರಸು ಮಾಡಿ ದೃಢೀಕರಿಸಿದರೆ, ಸರಿಯಾಗಿ ಘೋಷಿಸಿ ಖರೀದಿದಾರನಿಗೆ ತಿಳಿಸಿ ಮಾಡಬಹುದು ಎಂದು ಅದು ಹೇಳುತ್ತದೆ. ‘ಇದು ಮೈನರ್ ಚೇಂಜ್ ಸಾರ್’ ಎಂಬ ಮಾತು ಹುಟ್ಟುವುದು ಇಲ್ಲಿಂದಲೇ. ಆದರೆ ಯಾವುದು ಸಣ್ಣದಲ್ಲ ಎಂಬುದನ್ನು ಕಾಯ್ದೆಯೇ ಅದರ ಕೆಳಗಿನ ವಿವರಣೆಯಲ್ಲಿ ಬಿಡಿಸಿ ಹೇಳಿದೆ. ವಿಸ್ತೀರ್ಣ ಹೆಚ್ಚಿಸುವುದು, ಎತ್ತರ ಬದಲಿಸುವುದು, ಗೋಡೆಯನ್ನಾಗಲಿ ಗೋಡೆಯ ಒಂದು ಭಾಗವನ್ನಾಗಲಿ ಕಟ್ಟುವುದು, ತೆಗೆಯುವುದು ಅಥವಾ ಕೊರೆಯುವುದು, ಪಾರ್ಟಿಷನ್, ಕಾಲಂ, ಬೀಮ್, ನೆಲ ಇವುಗಳನ್ನು ಬದಲಿಸುವುದು, ಅಗತ್ಯವಾದ ದಾರಿಯನ್ನು ಬದಲಿಸುವುದು ಅಥವಾ ಮುಚ್ಚುವುದು, ಇವು ಯಾವುವೂ ಸಣ್ಣ ಮಾರ್ಪಾಡುಗಳಲ್ಲ. ಪಾರ್ಟಿಷನ್ ಗೋಡೆ ಸರಿಸಿದ್ದನ್ನು ಮೈನರ್ ಎನ್ನುವವರಿಗೆ ಈ ವಿವರಣೆಯನ್ನು ಓದಿ ತೋರಿಸಿದರೆ ಸಾಕು. ಬಿಲ್ಡರ್ ಪರವಾಗಿ ಮಾತನಾಡುವವರು ಅದನ್ನು ಓದಿರುವುದಿಲ್ಲ ಎಂದು ಭಾವಿಸಬೇಡಿ, ನೀವು ಓದಿಲ್ಲ ಎಂದು ಅವರು ಭಾವಿಸಿರುತ್ತಾರೆ.

ಇದು ರೇರಾ ಬಂದ ಮೇಲೆ ಹುಟ್ಟಿದ ತತ್ವವೂ ಅಲ್ಲ. 1972ರಲ್ಲೇ ಕರ್ನಾಟಕದಲ್ಲಿ ಫ್ಲ್ಯಾಟುಗಳ ಕುರಿತು ಎರಡು ಕಾಯ್ದೆಗಳು ಬಂದವು. ಅವುಗಳಲ್ಲಿ ಒಂದು, ನಕ್ಷೆ ತೋರಿಸಿ ಮಾರಿದ ಮೇಲೆ ಕೊಂಡವರ ಒಪ್ಪಿಗೆಯಿಲ್ಲದೆ ಅದನ್ನು ಬದಲಿಸಬಾರದು ಎಂದು ಹೇಳುತ್ತದೆ. ಇನ್ನೊಂದು, ಅಂದರೆ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, ಸಾಮಾನ್ಯ ಪ್ರದೇಶದಲ್ಲಿ ಪ್ರತಿ ಮಾಲೀಕನಿಗಿರುವ ಅವಿಭಜಿತ ಪಾಲನ್ನು ಎಲ್ಲ ಮಾಲೀಕರ ಒಪ್ಪಿಗೆಯಿಲ್ಲದೆ ಬದಲಿಸಬಾರದು ಎನ್ನುತ್ತದೆ. ಕೊನೆಯ ಹಂತದಲ್ಲಿ ಒಂದು ಮಹಡಿ ಸೇರಿಸಿದರೆ ನಿಮ್ಮ ಪಾಲಿನ ಜಮೀನು ಕರಗುತ್ತದೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ, ಏಕೆಂದರೆ ಅದು ಮನೆಯ ಒಳಗೆ ಎಲ್ಲೂ ಕಾಣುವುದಿಲ್ಲ.

ಇನ್ನು ಕರಾರಿನಲ್ಲಿರುವ ಆ ಒಂದು ವಾಕ್ಯದ ಬಗ್ಗೆ. ‘ನಕ್ಷೆಯಲ್ಲಿ ಅಗತ್ಯವೆನಿಸಿದ ಬದಲಾವಣೆ ಮಾಡುವ ಹಕ್ಕು ಪ್ರವರ್ತಕರಿಗಿದ್ದು, ಅದಕ್ಕೆ ಖರೀದಿದಾರರು ಈ ಮೂಲಕ ಒಪ್ಪಿರುತ್ತಾರೆ’ ಎಂಬ ಧಾಟಿಯ ಷರತ್ತು ಬಹುತೇಕ ಕರಾರುಗಳಲ್ಲಿ ಕಾಣುತ್ತದೆ. ಸಹಿ ಹಾಕಿದ್ದೇವಲ್ಲ, ಇನ್ನೇನು ಮಾಡಲು ಬರುತ್ತದೆ ಎಂದು ಅನೇಕರು ಅಲ್ಲಿಗೇ ಕೈಚೆಲ್ಲುತ್ತಾರೆ. ಕೈಚೆಲ್ಲಬೇಕಾಗಿಲ್ಲ. ಮಹಾರಾಷ್ಟ್ರದ 1963ರ ಫ್ಲ್ಯಾಟ್ ಕಾಯ್ದೆಯಡಿ ನಡೆದ ಮಧುವಿಹಾರ್ ಸೊಸೈಟಿಯ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2010ರಲ್ಲಿ ಕರಾರಿನ ಕಾಲಕ್ಕೆ ಸಗಟಾಗಿ ಬರೆಸಿಕೊಂಡ ಒಪ್ಪಿಗೆ ಕಾನೂನು ಬಯಸುವ ಒಪ್ಪಿಗೆಯಲ್ಲ, ನಿರ್ದಿಷ್ಟ ಬದಲಾವಣೆಯನ್ನು ತೋರಿಸಿ ತಿಳಿಸಿ ಪಡೆದದ್ದೇ ಒಪ್ಪಿಗೆ ಎಂಬ ನಿಲುವು ತಳೆಯಿತು. 2019ರಲ್ಲಿ ಪಯನೀಯರ್ ಅರ್ಬನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಿಲ್ಡರ್ ಸಿದ್ಧಪಡಿಸಿಟ್ಟ ಏಕಪಕ್ಷೀಯ ಷರತ್ತುಗಳಿಗೆ ಖರೀದಿದಾರ ಬೇರೆ ದಾರಿಯಿಲ್ಲದೆ ಸಹಿ ಹಾಕಿದ್ದರೆ ಅವು ಅವನನ್ನು ಕಟ್ಟಿಹಾಕಲಾರವು ಎಂದಿತು. ಇಷ್ಟಾದರೂ, ಕರಾರಿಗೆ ಸಹಿ ಹಾಕುವ ಮೊದಲೇ ಆ ವಾಕ್ಯವನ್ನು ಹೊಡೆದುಹಾಕಿಸಲು ಅಥವಾ ‘ರೇರಾ ಸೆಕ್ಷನ್ 14ಕ್ಕೆ ಒಳಪಟ್ಟು’ ಎಂದು ಸೇರಿಸಲು ಕೇಳುವುದು ಉತ್ತಮ.

ಸಾಮಾನ್ಯ ಪ್ರದೇಶದ ಬದಲಾವಣೆ ಎಲ್ಲಿಗೆ ಹೋಗಿ ನಿಲ್ಲಬಹುದು ಎಂಬುದಕ್ಕೆ ನಮ್ಮ ಕಾಲದ ದೊಡ್ಡ ಉದಾಹರಣೆ ನೋಯ್ಡಾದ ಅವಳಿ ಗೋಪುರಗಳು. ಸೂಪರ್‌ಟೆಕ್‌ನ ಎಮರಾಲ್ಡ್ ಕೋರ್ಟ್ ಯೋಜನೆಯಲ್ಲಿ ಮೊದಲ ಖರೀದಿದಾರರಿಗೆ ಹಸಿರು ಪ್ರದೇಶವೆಂದು ತೋರಿಸಿದ್ದ ಜಾಗದಲ್ಲಿ, ನಕ್ಷೆಯನ್ನು ಮತ್ತೆ ಮತ್ತೆ ಪರಿಷ್ಕರಿಸಿ, ಎಪೆಕ್ಸ್ ಮತ್ತು ಸೆಯಾನ್ ಎಂಬ ಎರಡು ಗೋಪುರಗಳನ್ನು ಎಬ್ಬಿಸಲಾಯಿತು. ನೋಯ್ಡಾ ಪ್ರಾಧಿಕಾರ ಆ ಪರಿಷ್ಕೃತ ನಕ್ಷೆಗಳಿಗೆ ಮಂಜೂರಾತಿಯನ್ನೂ ಕೊಟ್ಟಿತ್ತು. ಅಲ್ಲಿನ ನಿವಾಸಿಗಳ ಸಂಘ ಹೋರಾಡಿತು. 2014ರಲ್ಲಿ ಅಲಹಾಬಾದ್ ಹೈಕೋರ್ಟ್ ಕೆಡವಲು ಆದೇಶಿಸಿತು, 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, 2022ರ ಆಗಸ್ಟ್ 28ರಂದು ಸ್ಫೋಟಕಗಳಿಂದ ಎರಡೂ ಗೋಪುರಗಳನ್ನು ಉರುಳಿಸಲಾಯಿತು. ಟಿವಿಯಲ್ಲಿ ನಾವೆಲ್ಲ ನೋಡಿದ್ದು ಧೂಳಿನ ಮೋಡವನ್ನು. ತೀರ್ಪಿನಲ್ಲಿ ನೋಡಬೇಕಾದದ್ದು ಎರಡು ಸಂಗತಿಗಳನ್ನು: ಕಟ್ಟಡಗಳ ನಡುವೆ ಇರಬೇಕಾದ ಕನಿಷ್ಠ ಅಂತರವನ್ನು ಪಾಲಿಸಲಿಲ್ಲ ಎಂಬುದು ಒಂದು, ಈಗಾಗಲೇ ಫ್ಲ್ಯಾಟ್ ಕೊಂಡವರ ಒಪ್ಪಿಗೆ ಪಡೆಯಲಿಲ್ಲ ಎಂಬುದು ಇನ್ನೊಂದು. ಪ್ರಾಧಿಕಾರ ಮಂಜೂರು ಮಾಡಿದೆ ಎಂಬುದು ಕೊಂಡವರ ಒಪ್ಪಿಗೆಗೆ ಪರ್ಯಾಯವಾಗಲಿಲ್ಲ. ನಮ್ಮಲ್ಲಿಯೂ ‘ಮಾಡಿಫೈಡ್ ಪ್ಲಾನ್‌ಗೆ ಅಪ್ರೂವಲ್ ಆಗಿದೆ’ ಎಂಬ ಉತ್ತರ ಬಂದಾಗ ಇದನ್ನು ನೆನಪಿಡಿ. ನಗರಾಡಳಿತ ಸಣ್ಣ ವಿಚಲನೆಗಳನ್ನು ಶುಲ್ಕ ಕಟ್ಟಿಸಿಕೊಂಡು ಸಕ್ರಮಗೊಳಿಸಿದರೂ, ಅದು ಬಿಲ್ಡರಿಗೂ ನಗರಾಡಳಿತಕ್ಕೂ ನಡುವಿನ ವ್ಯವಹಾರ.

ಈಗ ಮನೆಯ ಒಳಗೆ ಬರೋಣ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಷ್ಟವನ್ನು ಸರಿಯಾಗಿ ಗುರುತಿಸದೆ ಬರೆದ ದೂರು ಎಷ್ಟೇ ಕೋಪದಿಂದ ಕೂಡಿದ್ದರೂ ಬಲವಿಲ್ಲದ್ದು.

ಬಿಲ್ಡರ್ ಕಡೆಯವರು ಸಾಮಾನ್ಯವಾಗಿ ಹೇಳುವ ಮಾತೆಂದರೆ ‘ಕಾರ್ಪೆಟ್ ಏರಿಯಾ ಬದಲಾಗಿಲ್ಲ’ ಎಂಬುದು. ಅದು ನಿಜವಾಗಿದ್ದರೂ ಉತ್ತರವಲ್ಲ. ರೇರಾ ಪ್ರಕಾರ ಕಾರ್ಪೆಟ್ ಏರಿಯಾ ಎಂದರೆ ಹೊರಗೋಡೆ, ಪೈಪುಗಳು ಹಾದುಹೋಗುವ ಸರ್ವಿಸ್ ಶಾಫ್ಟ್, ನಿಮಗೇ ಮೀಸಲಾದ ಬಾಲ್ಕನಿ, ವರಾಂಡ ಮತ್ತು ತೆರೆದ ಟೆರೇಸ್ ಇವನ್ನು ಬಿಟ್ಟು ಉಳಿಯುವ ಬಳಕೆಯ ಜಾಗ. ಆದರೆ ಒಳಗಿನ ಪಾರ್ಟಿಷನ್ ಗೋಡೆಗಳು ನಿಂತಿರುವ ಜಾಗ ಅದರೊಳಗೆ ಸೇರಿದೆ. ಇದರ ಪರಿಣಾಮವನ್ನು ಯೋಚಿಸಿ ನೋಡಿ. ಹಾಲ್ ಮತ್ತು ಮಲಗುವ ಕೋಣೆಯ ನಡುವಿನ ಗೋಡೆಯನ್ನು ಕೋಣೆಯ ಕಡೆಗೆ ಎಂಟು ಇಂಚು ತಳ್ಳಿದರೆ ಕಾರ್ಪೆಟ್ ಏರಿಯಾ ಒಂದು ಚದರ ಇಂಚೂ ಬದಲಾಗುವುದಿಲ್ಲ, ಆದರೆ ಕೋಣೆ ಕೆಡಬಹುದು. ಹತ್ತು ಅಡಿ ಅಗಲದ ಕೋಣೆಯಲ್ಲಿ ಎರಡು ಅಡಿ ಆಳದ ವಾರ್ಡ್‌ರೋಬ್ ಮತ್ತು ಆರೂವರೆ ಅಡಿ ಉದ್ದದ ಮಂಚ ಎದುರುಬದುರಾಗಿ ಬಂದರೆ ನಡೆದಾಡಲು ಉಳಿಯುವುದು ಒಂದೂವರೆ ಅಡಿ. ಅದರಲ್ಲಿ ಎಂಟು ಇಂಚು ಹೋದರೆ ಹತ್ತೇ ಇಂಚು ಉಳಿಯುತ್ತದೆ, ವಾರ್ಡ್‌ರೋಬಿನ ಬಾಗಿಲು ತೆರೆಯುವುದಿಲ್ಲ. ವ್ಯತಿರಿಕ್ತವಾಗಿ, ಬಾಲ್ಕನಿಯನ್ನು ಕಿರಿದುಗೊಳಿಸಿ ಹಾಲಿಗೆ ಸೇರಿಸಿದರೆ ಕಾರ್ಪೆಟ್ ಏರಿಯಾ ಹೆಚ್ಚುತ್ತದೆ, ಆ ಹೆಚ್ಚಳಕ್ಕೆ ನಿಮ್ಮಿಂದಲೇ ಹಣ ಕೇಳುವ ಪತ್ರವೂ ಬರಬಹುದು. ಶೇ 3ರೊಳಗಿನ ಹೆಚ್ಚಳಕ್ಕೆ ಮಾತ್ರ ಹಣ ಕೇಳಬಹುದು ಎಂಬಂಥ ಷರತ್ತು ಕರಾರುಗಳಲ್ಲಿ ಸಾಮಾನ್ಯ. ಆ ಷರತ್ತು ಅಳತೆಯ ಅಲ್ಪಸ್ವಲ್ಪ ಏರುಪೇರಿಗೆ ಸಂಬಂಧಿಸಿದ್ದೇ ಹೊರತು, ನಿಮ್ಮನ್ನು ಕೇಳದೆ ವಿನ್ಯಾಸ ಬದಲಿಸಲು ಕೊಟ್ಟ ಪರವಾನಗಿಯಲ್ಲ.

ನಾನು ಪರಿಶೀಲಿಸಿದ ಒಂದು ಮನೆಯ ವಿವರ ಹೇಳಿದರೆ ಇದು ಇನ್ನಷ್ಟು ಸ್ಪಷ್ಟವಾದೀತು. ಅಡುಗೆಮನೆಗೆ ಹೊಂದಿಕೊಂಡ ಯುಟಿಲಿಟಿಯ ಅಗಲ ಕರಾರಿನ ನಕ್ಷೆಯಲ್ಲಿ ನಾಲ್ಕೂವರೆ ಅಡಿ ಇತ್ತು. ಸ್ಥಳದಲ್ಲಿ ಅಳೆದಾಗ ಅದು ಮೂರು ಅಡಿ ಒಂಬತ್ತು ಇಂಚು. ಪಕ್ಕದ ಪೈಪುಗಳ ಶಾಫ್ಟನ್ನು ಅಗಲ ಮಾಡುವಾಗ ಗೋಡೆ ಒಂಬತ್ತು ಇಂಚು ಒಳಕ್ಕೆ ಬಂದಿತ್ತು. ಆರು ಅಡಿ ಉದ್ದದ ಜಾಗದಲ್ಲಿ ಒಂಬತ್ತು ಇಂಚು ಎಂದರೆ ನಾಲ್ಕೂವರೆ ಚದರ ಅಡಿ. ಶಾಫ್ಟ್ ಕಾರ್ಪೆಟ್ ಏರಿಯಾಕ್ಕೆ ಸೇರುವುದಿಲ್ಲವಾದ್ದರಿಂದ ಇಲ್ಲಿ ವಿಸ್ತೀರ್ಣವೂ ಅಷ್ಟರಮಟ್ಟಿಗೆ ಕಡಿಮೆಯಾಗಿತ್ತು, ಆ ಹಣವನ್ನು ಹಿಂದಿರುಗಿಸಲು ಬಿಲ್ಡರ್ ತಕ್ಷಣ ಒಪ್ಪಿದ. ಕಾರ್ಪೆಟ್ ಚದರ ಅಡಿಗೆ 12,000 ರೂಪಾಯಿಯಂತೆ ಲೆಕ್ಕ ಹಾಕಿದರೆ ಅದು 54,000 ರೂಪಾಯಿ. ಆದರೆ ವಾಷಿಂಗ್ ಮೆಷಿನ್ನಿನ ಆಳ ಎರಡು ಅಡಿ, ಹಿಂದೆ ಪೈಪಿಗೆ ಮೂರ್ನಾಲ್ಕು ಇಂಚು ಬೇಕು, ಎದುರಿಗೆ ಉಳಿಯುವುದು ಹದಿನೇಳು ಇಂಚು. ಆ ಜಾಗದಲ್ಲಿ ನಿಂತು ಬಾಗಿ ಬಟ್ಟೆ ತೆಗೆಯಲು ಆಗುವುದಿಲ್ಲ, ಪಾತ್ರೆ ತೊಳೆಯುವ ಸಿಂಕಿಗೆ ಹೋಗಲೂ ದಾರಿಯಿಲ್ಲ. ಯಂತ್ರವನ್ನು ಸ್ನಾನದ ಮನೆಗೆ ಸಾಗಿಸಬೇಕು, ಅಲ್ಲಿ ನೀರಿನ ಸಂಪರ್ಕ, ಚರಂಡಿ, ವಿದ್ಯುತ್ ಪಾಯಿಂಟ್ ಹೊಸದಾಗಿ ಮಾಡಿಸಬೇಕು, ಟೈಲ್ಸ್ ಒಡೆದು ವಾಟರ್‌ಪ್ರೂಫಿಂಗ್ ಮತ್ತೆ ಹಾಕಿಸಬೇಕು. ನಷ್ಟ ಎಂದರೆ ನಾಲ್ಕೂವರೆ ಚದರ ಅಡಿಯ ಬೆಲೆ ಮಾತ್ರವಲ್ಲ, ಇದೆಲ್ಲದರ ಮೊತ್ತ. ನಷ್ಟವನ್ನು ಚದರ ಅಡಿಗೆ ಇಳಿಸಿ ಮಾತು ಮುಗಿಸುವುದು ಬಿಲ್ಡರಿಗೆ ಅನುಕೂಲ. ನೀವು ಅದನ್ನು ಬಳಕೆಯ ಭಾಷೆಯಲ್ಲಿ, ಒಂದೊಂದು ಸಾಮಾನಿನ ಅಳತೆ ಕೊಟ್ಟು ಬರೆಯಬೇಕು.

ಅಳೆಯುವುದಕ್ಕೆ ದೊಡ್ಡ ವಿದ್ಯೆ ಬೇಕಾಗಿಲ್ಲ. ಲೇಸರ್ ಅಳತೆ ಸಾಧನ ಒಂದಿದ್ದರೆ ಸಾಕು. ಪ್ರತಿ ಕೋಣೆಯ ಉದ್ದ, ಅಗಲ, ಕರ್ಣ ಮತ್ತು ಎತ್ತರ, ಬೀಮಿನ ತಳದಿಂದ ನೆಲಕ್ಕಿರುವ ಅಂತರ, ಕಿಟಕಿಯ ಅಗಲ, ಬಾಗಿಲು ತೆರೆಯುವ ದಿಕ್ಕು, ಕಾಲಂಗಳು ಗೋಡೆಯಿಂದ ಎಷ್ಟು ಹೊರಚಾಚಿವೆ ಎಂಬುದು, ಇವನ್ನು ನಕ್ಷೆಯ ಪ್ರತಿಯ ಮೇಲೆಯೇ ಕೆಂಪು ಶಾಯಿಯಲ್ಲಿ ಬರೆದು ದಿನಾಂಕ ಹಾಕಿ. ನಕ್ಷೆಯ ಅಳತೆಗಳು ಪ್ಲಾಸ್ಟರ್ ಮತ್ತು ಟೈಲ್ಸಿನ ಮುಂಚಿನವು, ಆದ್ದರಿಂದ ಒಂದೆರಡು ಇಂಚಿನ ವ್ಯತ್ಯಾಸಕ್ಕೆ ಜಗಳ ತೆಗೆಯುವುದು ನ್ಯಾಯವಲ್ಲ. ಅದಕ್ಕಿಂತ ಹೆಚ್ಚಾದುದಕ್ಕೆ ವಿವರಣೆ ಕೇಳಿ. ಹೋಲಿಸಬೇಕಾದುದು ಬ್ರೋಷರಿನ ಬಣ್ಣದ ಚಿತ್ರದೊಂದಿಗೆ ಅಲ್ಲ, ನೋಂದಾಯಿತ ಕರಾರಿಗೆ ಲಗತ್ತಿಸಿದ ಫ್ಲೋರ್ ಪ್ಲಾನ್ ಮತ್ತು ಮಂಜೂರಾದ ನಕ್ಷೆಯೊಂದಿಗೆ. ಮಂಜೂರಾದ ನಕ್ಷೆ ಕರ್ನಾಟಕ ರೇರಾದ ಜಾಲತಾಣದಲ್ಲಿ ಯೋಜನೆಯ ನೋಂದಣಿ ಸಂಖ್ಯೆಯಡಿ ಸಿಗುತ್ತದೆ, ಸೆಕ್ಷನ್ 19ರ ಪ್ರಕಾರ ಅದರ ಮಾಹಿತಿ ಪಡೆಯುವುದು ನಿಮ್ಮ ಹಕ್ಕೂ ಹೌದು. ಬ್ರೋಷರ್ ಮತ್ತು ಮಾದರಿ ಮನೆಯ ಫೋಟೋಗಳನ್ನೂ ಎಸೆಯಬೇಡಿ. ಜಾಹೀರಾತಿನಲ್ಲಾಗಲಿ ಮಾದರಿ ಮನೆಯಲ್ಲಾಗಲಿ ಸುಳ್ಳು ತೋರಿಸಿ ನಂಬಿಸಿದ್ದರೆ ಅದಕ್ಕೆ ಸೆಕ್ಷನ್ 12ರಲ್ಲಿ ಪ್ರತ್ಯೇಕ ಪರಿಹಾರವಿದೆ.

ಎಲ್ಲಕ್ಕಿಂತ ಮುಖ್ಯವಾದುದು ಅಳೆಯುವ ಕಾಲ. ಮುಂಚೆ ಕಾಲಂ ಮತ್ತು ಬೀಮುಗಳ ಚೌಕಟ್ಟು ಎರಕ ಹೊಯ್ದು, ನಡುವೆ ಕಾಂಕ್ರೀಟ್ ಬ್ಲಾಕಿನ ಗೋಡೆ ಕಟ್ಟುತ್ತಿದ್ದರು. ತಪ್ಪಾಗಿ ಕಟ್ಟಿದ ನಾಲ್ಕಿಂಚಿನ ಗೋಡೆಯನ್ನು ಒಡೆದು ಸರಿಯಾದ ಜಾಗದಲ್ಲಿ ಕಟ್ಟುವುದು ಎರಡು ದಿನದ ಕೆಲಸ. ಈಗ ಬೆಂಗಳೂರಿನ ಎತ್ತರದ ಕಟ್ಟಡಗಳಲ್ಲಿ ಅಲ್ಯುಮಿನಿಯಂ ಅಚ್ಚುಗಳನ್ನು ಬಳಸಿ, ಮೈವಾನ್ ಎಂದು ನಾವು ಕರೆಯುವ ವಿಧಾನದಲ್ಲಿ, ಗೋಡೆ ಮತ್ತು ಛಾವಣಿಯನ್ನು ಒಟ್ಟಿಗೆ ಕಾಂಕ್ರೀಟಿನಲ್ಲಿ ಎರಕ ಹೊಯ್ಯುವುದು ಸಾಮಾನ್ಯವಾಗಿದೆ. ಅಲ್ಲಿ ಅನೇಕ ಗೋಡೆಗಳೇ ಕಟ್ಟಡದ ಭಾರ ಹೊರುತ್ತವೆ, ವಿದ್ಯುತ್ ಕೊಳವೆಗಳೂ ಅದರೊಳಗೇ ಹುದುಗಿರುತ್ತವೆ. ಒಮ್ಮೆ ಎರಕ ಹೊಯ್ದ ಮೇಲೆ ಗೋಡೆ ಸರಿಸುವುದು ಸಾಧ್ಯವಿಲ್ಲ, ಯಾವ ಪ್ರಾಧಿಕಾರ ಆದೇಶ ಕೊಟ್ಟರೂ ಸಾಧ್ಯವಿಲ್ಲ. ಹಾಗಾಗಿ ಮೈವಾನ್ ಕಟ್ಟಡದಲ್ಲಿ ಫ್ಲ್ಯಾಟ್ ಕೊಂಡವರು ನಿಮ್ಮ ಮಹಡಿಯ ಎರಕಕ್ಕೆ ಮುಂಚೆಯೇ, ‘ಕರಾರಿನ ನಕ್ಷೆಯಲ್ಲಿ ಯಾವುದೇ ಬದಲಾವಣೆ ಇದೆಯೇ, ಇದ್ದರೆ ತಿಳಿಸಿ’ ಎಂದು ಇಮೇಲ್ ಮಾಡಿ ಉತ್ತರ ಪಡೆದಿಟ್ಟುಕೊಳ್ಳಬೇಕು. ಕೆಳಗಿನ ಮಹಡಿಯ ಅದೇ ಸಾಲಿನ ಮನೆ ಸಿದ್ಧವಾಗಿದ್ದರೆ ಅದನ್ನು ಅಳೆದು ನೋಡಬೇಕು, ಏಕೆಂದರೆ ಅದೇ ಅಚ್ಚು ನಿಮ್ಮ ಮನೆಗೂ ಬರುತ್ತದೆ. ಸೈಟಿಗೆ ಬಿಡುವುದಿಲ್ಲ ಎಂದರೆ ಆ ನಿರಾಕರಣೆಯನ್ನೂ ಬರವಣಿಗೆಯಲ್ಲಿ ಕೇಳಿ.

ಬದಲಾವಣೆ ಕಂಡಾಗಲೆಲ್ಲ ಅದನ್ನು ವಂಚನೆ ಎಂದೇ ತಿಳಿಯುವುದು ಸರಿಯಲ್ಲ. ಕಟ್ಟಡದ ಲೆಕ್ಕಾಚಾರವನ್ನು ಮರುಪರಿಶೀಲಿಸಿದಾಗ ಕಾಲಂ ದಪ್ಪ ಮಾಡಬೇಕಾಗಿ ಬಂದಿರಬಹುದು, ಅಗ್ನಿಶಾಮಕ ಇಲಾಖೆಯ ಷರತ್ತಿನಿಂದ ಮೆಟ್ಟಿಲಿನ ಜಾಗ ಅಗಲವಾಗಿರಬಹುದು. ಅಂಥ ಕಡೆ ಎಂಜಿನಿಯರ್ ದೃಢೀಕರಿಸಿದ ಪತ್ರ ಕೇಳಿ, ಓದಿ, ಕಾರಣ ನಿಜವಾಗಿದ್ದರೆ ಒಪ್ಪಿಕೊಳ್ಳುವುದೇ ಒಳ್ಳೆಯದು. ಕಟ್ಟಡದ ಭದ್ರತೆಗೆ ಬೇಕಾದ ಕಾಲಮ್ಮನ್ನು ಕೋಣೆಯ ಅಂದಕ್ಕಾಗಿ ಯಾರೂ ವಿರೋಧಿಸಬಾರದು. ಆದರೆ ಕಾರಣ ನಿಜವಾದಾಗಲೂ ಅದರ ವೆಚ್ಚ ನಿಮ್ಮ ತಲೆಯ ಮೇಲೇ ಬೀಳಬೇಕೆಂದಿಲ್ಲ. ವಿಸ್ತೀರ್ಣ ಕಡಿಮೆಯಾಗಿದ್ದರೆ ಹಣ ಬಡ್ಡಿಸಮೇತ ಹಿಂದಿರುಗಬೇಕು, ಬಳಕೆ ಕೆಟ್ಟಿದ್ದರೆ ಅದಕ್ಕೆ ಪ್ರತ್ಯೇಕ ಪರಿಹಾರ ಕೇಳಬಹುದು.

ಬದಲಾವಣೆ ಗೊತ್ತಾದ ಮೇಲೆ ಬರೆಯುವ ಮೊದಲ ಪತ್ರ ಚಿಕ್ಕದಾಗಿರಲಿ. ಕರಾರಿನ ದಿನಾಂಕ, ಫ್ಲ್ಯಾಟ್ ಸಂಖ್ಯೆ, ನಕ್ಷೆಯ ಅಳತೆ, ಸ್ಥಳದ ಅಳತೆ, ಈ ಬದಲಾವಣೆಗೆ ನನ್ನ ಪೂರ್ವಾನುಮತಿ ಪಡೆದಿಲ್ಲ ಮತ್ತು ನಾನು ಒಪ್ಪಿಗೆ ಕೊಡುವುದಿಲ್ಲ ಎಂಬ ಒಂದು ವಾಕ್ಯ, ಕಾರಣ ಮತ್ತು ಎಂಜಿನಿಯರ್ ಪ್ರಮಾಣಪತ್ರದ ಬೇಡಿಕೆ, ಉತ್ತರಕ್ಕೆ ಒಂದು ಗಡುವು, ಇಷ್ಟು ಸಾಕು. ಇಮೇಲ್ ಜೊತೆಗೆ ನೋಂದಾಯಿತ ಅಂಚೆಯಲ್ಲೂ ಕಳಿಸಿ. ಸಿಆರ್‌ಎಂ (ಬಿಲ್ಡರ್ ಕಡೆಯ ಗ್ರಾಹಕ ಸಂಪರ್ಕ) ವಿಭಾಗದವರು ಫೋನಿನಲ್ಲಿ ಎಷ್ಟೇ ಸೌಜನ್ಯದಿಂದ ಮಾತನಾಡಿದರೂ, ಮಾತು ಮುಗಿದ ಮೇಲೆ ‘ಇಂದು ನೀವು ತಿಳಿಸಿದಂತೆ’ ಎಂದು ಆರಂಭಿಸಿ ಅದರ ಸಾರವನ್ನು ಅವರಿಗೇ ಬರೆದು ಕಳಿಸಬೇಕು. ಕೋಪದಿಂದ ಕಂತು ನಿಲ್ಲಿಸುವುದು ಮಾತ್ರ ಬೇಡ. ಕಂತು ತಪ್ಪಿದರೆ ಸೆಕ್ಷನ್ 19ರಡಿ ನೀವೇ ಬಡ್ಡಿ ಕೊಡಬೇಕಾದ ಸ್ಥಿತಿ ಬರುತ್ತದೆ, ತಪ್ಪಿತಸ್ಥರು ನೀವು ಎಂದು ತೋರಿಸಲು ಬಿಲ್ಡರಿಗೆ ಅವಕಾಶ ಸಿಗುತ್ತದೆ. ‘ಆಕ್ಷೇಪಣೆಯನ್ನು ಕಾಯ್ದಿರಿಸಿ ಪಾವತಿಸುತ್ತಿದ್ದೇನೆ’ ಎಂದು ಬರೆದು ಕಟ್ಟುವುದು ಸುರಕ್ಷಿತ.

ಹ್ಯಾಂಡೋವರ್ ಬಗ್ಗೆಯೂ ಇದೇ ಮಾತು. ಒಸಿ (ವಾಸಯೋಗ್ಯ ಪ್ರಮಾಣಪತ್ರ) ಬಂದ ಎರಡು ತಿಂಗಳೊಳಗೆ ಖರೀದಿದಾರ ಸ್ವಾಧೀನ ಪಡೆಯಬೇಕೆಂದು ಕಾಯ್ದೆ ಹೇಳುವುದರಿಂದ, ವರ್ಷಗಟ್ಟಲೆ ನಿರಾಕರಿಸುತ್ತ ಕೂರುವುದು ಎಲ್ಲರಿಗೂ ಆಗುವ ಮಾತಲ್ಲ. ಬಾಡಿಗೆ ಮನೆಯ ಖರ್ಚು, ಮಕ್ಕಳ ಶಾಲೆ, ಬ್ಯಾಂಕಿನ ಕಂತು, ಇವುಗಳ ಒತ್ತಡ ನನಗೆ ಗೊತ್ತು, ಬಿಲ್ಡರಿಗೂ ಗೊತ್ತು. ಆ ಒತ್ತಡದಲ್ಲಿರುವಾಗಲೇ ‘ಫ್ಲ್ಯಾಟ್ ನನಗೆ ತೃಪ್ತಿಕರವಾಗಿದೆ, ಇನ್ನು ಮುಂದೆ ಯಾವುದೇ ಬೇಡಿಕೆ ಇರುವುದಿಲ್ಲ’ ಎಂಬ ಮುಚ್ಚಳಿಕೆ ಎದುರಿಗೆ ಬರುತ್ತದೆ. ಆ ವಾಕ್ಯಗಳನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ, ‘ಪತ್ರದಲ್ಲಿ ತಿಳಿಸಿದ ಆಕ್ಷೇಪಣೆಗಳನ್ನು ಕಾಯ್ದಿರಿಸಿ ಸ್ವಾಧೀನ ಪಡೆದಿದ್ದೇನೆ’ ಎಂದು ಕೈಬರಹದಲ್ಲಿ ಬರೆಯಿರಿ. ಬೆಂಗಳೂರಿನ ಬೇಗೂರು ಭಾಗದ ಡಿಎಲ್‌ಎಫ್ ಯೋಜನೆಯೊಂದರ 339 ಖರೀದಿದಾರರ ಪ್ರಕರಣದಲ್ಲಿ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇಲ್ಲಿ ನಮಗೆ ಆಸರೆ. ಆ ಪ್ರಕರಣ ಮುಖ್ಯವಾಗಿ ವಿಳಂಬದ್ದಾದರೂ, ಸ್ವಾಧೀನ ಅಥವಾ ಕ್ರಯಪತ್ರ ಬೇಕಿದ್ದರೆ ಪರಿಹಾರದ ಬೇಡಿಕೆಯನ್ನು ಬಿಟ್ಟುಕೊಡಬೇಕು ಎಂಬ ಇಕ್ಕಟ್ಟಿಗೆ ಖರೀದಿದಾರನನ್ನು ತಳ್ಳುವುದು ಅನ್ಯಾಯ ಎಂದು ನ್ಯಾಯಾಲಯ ಕಂಡಿತು. ತೀರ್ಪು ನಿಮ್ಮ ಪರವಾಗಿದೆ ಎಂದು ಧೈರ್ಯದಿಂದಿರಿ, ಆದರೆ ಅದನ್ನು ನಂಬಿ ಎಲ್ಲದಕ್ಕೂ ಸಹಿ ಹಾಕಬೇಡಿ. ಸಹಿ ಹಾಕದ ಮುಚ್ಚಳಿಕೆಯ ಬಗ್ಗೆ ಯಾವ ನ್ಯಾಯಾಲಯದಲ್ಲೂ ವಾದಿಸಬೇಕಾಗುವುದಿಲ್ಲ.

ಪತ್ರಗಳಿಂದ ಬಗೆಹರಿಯದಿದ್ದರೆ ಕರ್ನಾಟಕ ರೇರಾಕ್ಕೆ ಸೆಕ್ಷನ್ 31ರಡಿ ಆನ್‌ಲೈನ್‌ನಲ್ಲಿ ದೂರು ಸಲ್ಲಿಸಬಹುದು. ದೂರಿನಲ್ಲಿ ಏನು ಬೇಕು ಎಂಬುದನ್ನು ಮೊದಲು ನೀವೇ ನಿರ್ಧರಿಸಿ. ಸರಿಪಡಿಸಿಕೊಡಬೇಕೆ, ಪರಿಹಾರ ಬೇಕೆ, ಅಥವಾ ಮನೆಯೇ ಬೇಡ, ಹಣ ಹಿಂದಿರುಗಿಸಿ ಎನ್ನುತ್ತೀರಾ? ಪರಿಹಾರದ ಮೊತ್ತವನ್ನು ನಿರ್ಣಯಿಸುವುದು ಸೆಕ್ಷನ್ 71ರಡಿಯ ನ್ಯಾಯನಿರ್ಣಯಾಧಿಕಾರಿ, ಉಳಿದ ನಿರ್ದೇಶನಗಳನ್ನು ಕೊಡುವುದು ಪ್ರಾಧಿಕಾರ. ಹಾಗಾಗಿ ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಿದರೆ ಕಾಲಹರಣವಾಗುತ್ತದೆ. ಸ್ವಾಧೀನದ ನಂತರ ಐದು ವರ್ಷದೊಳಗೆ ಕಂಡ ನಿರ್ಮಾಣದ ದೋಷಗಳನ್ನಾಗಲಿ ಕರಾರಿನ ಇತರ ಲೋಪಗಳನ್ನಾಗಲಿ ತಿಳಿಸಿದ 30 ದಿನಗಳೊಳಗೆ ಉಚಿತವಾಗಿ ಸರಿಪಡಿಸಬೇಕು ಎಂಬ ಹೊಣೆಯೂ ಸೆಕ್ಷನ್ 14ರಲ್ಲೇ ಇದೆ. ಗ್ರಾಹಕ ಆಯೋಗದ ದಾರಿಯೂ ಮುಚ್ಚಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ, ಆದರೆ ಅಲ್ಲಿ ಎರಡು ವರ್ಷದ ಕಾಲಮಿತಿ ಇದೆ. ರೇರಾ ಆದೇಶ ಬಂದ ಮೇಲೂ ಹಣದ ವಸೂಲಿ ಭೂಕಂದಾಯದ ಬಾಕಿಯಂತೆ ಕಂದಾಯ ಅಧಿಕಾರಿಗಳ ಮೂಲಕ ನಡೆಯಬೇಕಾದ್ದರಿಂದ, ಗೆದ್ದ ದಿನವೇ ಹಣ ಕೈಗೆ ಬರುತ್ತದೆಂದು ಲೆಕ್ಕ ಹಾಕಬೇಡಿ. ಈ ಕಾರಣಕ್ಕೇ, ದೂರು ದಾಖಲಾದ ಮೇಲೆ ಬಿಲ್ಡರ್ ಸಮಂಜಸ ಮೊತ್ತದ ರಾಜಿಗೆ ಬಂದರೆ ಅದನ್ನು ಪರಿಶೀಲಿಸಿ ಎಂದೇ ನಾನು ಸಲಹೆ ಕೊಡುತ್ತೇನೆ.

ಸಾಮಾನ್ಯ ಪ್ರದೇಶದ ವಿಷಯವಾದರೆ ಒಬ್ಬರೇ ಹೋಗಬೇಡಿ. ಹೆಚ್ಚಿನ ಫ್ಲ್ಯಾಟುಗಳು ಬುಕ್ ಆದ ಮೂರು ತಿಂಗಳೊಳಗೆ ಖರೀದಿದಾರರ ಸಂಘ ರಚನೆಯಾಗುವಂತೆ ನೋಡಿಕೊಳ್ಳುವುದು ಬಿಲ್ಡರನ ಹೊಣೆ, ಆ ಸಂಘ ರೇರಾ ಮುಂದೆ ದೂರುದಾರನೂ ಆಗಬಹುದು. ಎಲ್ಲರೂ ವಾಸಕ್ಕೆ ಬಂದ ಮೇಲೆ ಸಂಘ ಕಟ್ಟೋಣ ಎಂದು ಕಾಯುವ ಅಭ್ಯಾಸದಿಂದ ನಾವು ಕಳೆದುಕೊಂಡಿರುವುದು ಬಹಳ, ಅಷ್ಟರಲ್ಲಿ ಉದ್ಯಾನದ ಜಾಗದಲ್ಲಿ ಕಟ್ಟಡ ಎದ್ದಿರುತ್ತದೆ. ತೆರೆದ ಪಾರ್ಕಿಂಗ್ ಸಾಮಾನ್ಯ ಪ್ರದೇಶವೆಂದು ಕಾಯ್ದೆ ಹೇಳುತ್ತದೆ, ಆದ್ದರಿಂದ ಆಟದ ಅಂಗಳವನ್ನು ಪಾರ್ಕಿಂಗ್ ಮಾಡಿ ಮಾರುವ ಪ್ರಯತ್ನವನ್ನು ಸಂಘ ಎರಡು ಕಾರಣಗಳಿಂದ, ಅಂದರೆ ಒಪ್ಪಿಗೆಯಿಲ್ಲದೆ ನಕ್ಷೆ ಬದಲಿಸಿದ್ದಕ್ಕೂ ಸಾಮಾನ್ಯ ಪ್ರದೇಶವನ್ನು ಮಾರಲು ಹೊರಟಿದ್ದಕ್ಕೂ, ಪ್ರಶ್ನಿಸಬಹುದು. ಮೂರನೇ ಎರಡರ ಒಪ್ಪಿಗೆಗಾಗಿ ಮನೆಮನೆಗೆ ಬರುವ ಫಾರಂಗಳಿಗೆ ಸಹಿ ಹಾಕುವ ಮೊದಲು, ಹಳೆಯ ನಕ್ಷೆ ಮತ್ತು ಹೊಸ ನಕ್ಷೆ ಎರಡನ್ನೂ ಒಂದೇ ಹಾಳೆಯಲ್ಲಿ ತೋರಿಸಲು ಕೇಳಿ.

ಇನ್ನೊಂದು ವಿಷಯ ಉಳಿದಿದೆ, ಬಹಳ ಜನ ಮರೆಯುವಂಥದ್ದು. ಬದಲಾವಣೆಗೆ ನೀವು ಕೊನೆಗೆ ಒಪ್ಪಿದಿರಿ ಎಂದಿಟ್ಟುಕೊಳ್ಳೋಣ, ಪರಿಹಾರವೂ ಬಂತು. ಆಗ ಕ್ರಯಪತ್ರಕ್ಕೆ ಲಗತ್ತಾಗುವ ನಕ್ಷೆ ಹಳೆಯದಾಗಿರಬಾರದು. ಕಟ್ಟಿದ ಮನೆಯ ನಿಜವಾದ ನಕ್ಷೆ, ಒಸಿಗೆ ಸಲ್ಲಿಸಿದ ನಕ್ಷೆ, ಕ್ರಯಪತ್ರದಲ್ಲಿರುವ ವಿಸ್ತೀರ್ಣ ಮತ್ತು ಇ-ಖಾತೆಯಲ್ಲಿ ನಮೂದಾಗುವ ವಿಸ್ತೀರ್ಣ ಒಂದಕ್ಕೊಂದು ತಾಳೆಯಾಗಬೇಕು. ಹತ್ತು ವರ್ಷದ ನಂತರ ನೀವು ಮನೆ ಮಾರುವಾಗ, ಕೊಳ್ಳುವವರ ಬ್ಯಾಂಕಿನ ಮೌಲ್ಯಮಾಪಕರು ಅಳತೆ ಪಟ್ಟಿ ಹಿಡಿದು ಬಂದು ನೋಡುತ್ತಾರೆ, ಗೋಡೆ ಸರಿಸಿದ್ದು ನೀವೇ ಎಂದುಕೊಳ್ಳುತ್ತಾರೆ. ಬಿಲ್ಡರ್ ಬದಲಾವಣೆಯನ್ನು ಒಪ್ಪಿಕೊಂಡ ಪತ್ರ, ಎಂಜಿನಿಯರ್ ಪ್ರಮಾಣಪತ್ರ ಮತ್ತು ಪರಿಹಾರದ ಒಪ್ಪಂದವನ್ನು ಕ್ರಯಪತ್ರದ ಜೊತೆಗೇ ಇಡಿ. ಕ್ರಯಪತ್ರ ಆಗಲೇ ಹಳೆಯ ನಕ್ಷೆಯೊಂದಿಗೆ ನೋಂದಣಿಯಾಗಿದ್ದರೆ, ತಿದ್ದುಪಡಿ ಪತ್ರವನ್ನು ಬಿಲ್ಡರನ ಖರ್ಚಿನಲ್ಲೇ ಮಾಡಿಸಿಕೊಳ್ಳಿ. ಯೋಜನೆ ಪೂರ್ತಿ ಮುಗಿದು ಆ ಕಂಪನಿಯ ಸೈಟ್ ಕಚೇರಿ ಎದ್ದುಹೋದ ಮೇಲೆ ಆ ಸಹಿ ಪಡೆಯುವುದು ಕಷ್ಟ, ಆದ್ದರಿಂದ ಕೊನೆಯ ಕಂತು ಬಾಕಿಯಿರುವಾಗಲೇ ಈ ಕೆಲಸ ಆಗಬೇಕು.